ಕೆರೆಯ ಕಲ್ಲಿಗೆ ಟವೆಲ್ ಹಾಕಿದ್ದು

ನಮ್ಮ ಕಡೆ ಒಂದು ಕಾನೂನು ಇದೆ. ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ, ಯಾವ ಸಭೆಯೂ ಅದನ್ನು ಪಾಸು ಮಾಡಿಲ್ಲ. ಆದರೂ ದಾವಣಗೆರೆಯಿಂದ ಹರಿಹರದವರೆಗೆ ಅದನ್ನು ಮುರಿದವನನ್ನು ನಾನು ಕಂಡಿಲ್ಲ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದರೆ ಆ ಸೀಟು ಎಸೆದವನದು. ಆತ ಆಮೇಲೆ ಚಹಾ ಕುಡಿದು, ಪರಿಚಯದವರ ಮನೆಮಂದಿಯನ್ನೆಲ್ಲ ವಿಚಾರಿಸಿ, ಕಂಡಕ್ಟರು ಸೀಟಿ ಊದಿದ ಮೇಲೆ ಹತ್ತಿದರೂ ಸರಿಯೇ. ಟವೆಲ್ಲಿನ ಪಕ್ಕದಲ್ಲಿ ನಿಂತೇ ಊರು ಮುಟ್ಟುವವರು ಇದ್ದಾರೆ. ಟವೆಲ್ ಎತ್ತಿ ಕೂರುವವರಿಲ್ಲ. ನಾನು ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಸ್ವಾಧೀನದ ದಾವೆಗಳ ಕಡತ ಎಷ್ಟು ಕಟ್ಟಿದ್ದೇನೋ ಲೆಕ್ಕವಿಲ್ಲ. ಟವೆಲ್ಲಿನಷ್ಟು ಗಟ್ಟಿ ದಾಖಲೆಯನ್ನು ಆ ಕಡತಗಳಲ್ಲಿ ಒಂದು ದಿನವೂ ನೋಡಲಿಲ್ಲ.

ಈ ನಂಬಿಕೆಯೇ ನನ್ನನ್ನು ಕೆಡಿಸಿತು.

ಹರಿಹರದ ಕಡೆ ಒಂದು ಕೆರೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ರಜೆಗೆ ನೀವೂ ಬರುತ್ತೀರಿ. ಅದರ ದಂಡೆಯಲ್ಲಿ, ನೀರಿಗೆ ಮೂಗು ಚಾಚಿದ ಹಾಗೆ ಒಂದು ಕಪ್ಪು ಕಲ್ಲು. ಇಬ್ಬರು ದೊಡ್ಡವರು, ನಡುವೆ ಒಂದು ಮಂಡಕ್ಕಿ ಪೊಟ್ಟಣ ಆರಾಮಾಗಿ ಕೂರುವಷ್ಟು ಅಗಲ. ಮೂರು ವರ್ಷದಿಂದ ಪ್ರತಿ ಭಾನುವಾರ ಆ ಕಲ್ಲಿನ ಮೇಲೆ ನಾನು ಮತ್ತು ನಮ್ಮ ಬೀಗರು ಕೂತು ಮೀನು ಹಿಡಿಯುತ್ತಿದ್ದೆವು. ಹಿಡಿಯುತ್ತಿದ್ದೆವು ಎನ್ನುವುದು ವ್ಯಾಕರಣದ ಮಟ್ಟಿಗೆ ಸರಿ. ವಾಸ್ತವದಲ್ಲಿ ಒಂದು ಮೀನೂ ಬಿದ್ದಿರಲಿಲ್ಲ.

ಕಾರಣಗಳನ್ನು ವಿವರಿಸಬೇಕು. ಎರಡೂ ಮನೆಯಲ್ಲಿ ಮೊಟ್ಟೆ ಒಡೆದ ಇತಿಹಾಸವಿಲ್ಲ. ಹಿಡಿದ ಮೀನನ್ನು ನೋಡಿ, ಕ್ಷೇಮ ವಿಚಾರಿಸಿ, ನೀರಿಗೆ ಬಿಡುವುದು ನಮ್ಮ ಸಂಕಲ್ಪ. ಎರೆಹುಳು ಚುಚ್ಚುವುದು ನಮ್ಮಿಂದಾಗದ ಕೆಲಸ. ಆದ್ದರಿಂದ ಮಂಡಕ್ಕಿ ಪುಡಿ, ಬೆಣ್ಣೆ, ಬೆಲ್ಲ, ಅರಿಶಿನ, ಇಂಗು ಕಲಸಿದ ಶುದ್ಧ ಸಸ್ಯಾಹಾರಿ ಉಂಡೆಯೇ ನಮ್ಮ ಎರೆ. ಬೀಗರು ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಕೂದಲೆಳೆ ಹೆಚ್ಚುಕಡಿಮೆಯಾದರೂ ನಿದ್ದೆ ಬಾರದ ಮನುಷ್ಯ. ಮೀನಿನ ಬಾಯಿಗೆ ನೋವಾಗಬಾರದೆಂದು ಅವರು ಗಾಳದ ಒಳಮುಳ್ಳನ್ನು ಅರದಿಂದ ಉಜ್ಜಿ, ಆಮೇಲೆ ತುದಿಯನ್ನೂ ಉಜ್ಜಿ, ಕೊನೆಗೆ ಮಗುವಿನ ಅಂಗಿಗೂ ಚುಚ್ಚಬಹುದಾದಷ್ಟು ನಿರಪಾಯ ಮಾಡಿಟ್ಟಿದ್ದರು. ಮೀನುಗಳು ಬರುತ್ತಿದ್ದವು, ಉಣ್ಣುತ್ತಿದ್ದವು, ಹೋಗುತ್ತಿದ್ದವು. ನಾವು ಮೀನು ಹಿಡಿಯುತ್ತಿರಲಿಲ್ಲ, ದಾಸೋಹ ನಡೆಸುತ್ತಿದ್ದೆವು. ಕೆರೆಯನ್ನು ಹರಾಜಿನಲ್ಲಿ ಹಿಡಿದಾತ ತೆಪ್ಪದಲ್ಲಿ ಹೋಗುವಾಗಲೆಲ್ಲ ನಮಗೆ ಕೈ ಮುಗಿಯುತ್ತಿದ್ದ. ‘ನೀವು ದಿನಾ ಬರ್ರಿ ಯಜಮಾನ್ರೇ. ನಮ್ಮ ಮೀನು ದಪ್ಪ ಆಗ್ತದಾವೆ.’

ನಮ್ಮ ಮನೆ ಶಾಮನೂರಿನ ಹೊಸ ಬಡಾವಣೆಯಲ್ಲಿ. ಕಾಂಪೌಂಡಿನೊಳಗೆ ನನ್ನ ಹೆಂಡತಿಯ ಅವರೆ ಬಳ್ಳಿ. ಆ ಬಳ್ಳಿ ಶ್ರಾವಣದಲ್ಲಿ ಆಸರೆ ಹುಡುಕುತ್ತ ಎತ್ತೆತ್ತಲೋ ಕೈ ಚಾಚತೊಡಗಿದಾಗ ಆಕೆಯ ಕಣ್ಣು ಬಾಗಿಲ ಮೂಲೆಯಲ್ಲಿದ್ದ ನನ್ನ ಗಾಳದ ಕೋಲಿನ ಮೇಲೆ ಬಿತ್ತು. ಅಳಿಯ ತರಿಸಿಕೊಟ್ಟದ್ದು, ಎಳೆದಷ್ಟೂ ಉದ್ದ ಬರುತ್ತದೆ.

‘ತಿನ್ನಲ್ಲ, ಮಾರಲ್ಲ, ಹಿಡಿಯೋದೂ ಇಲ್ಲ. ಮತ್ತೆ ಕೆರಿಗೆ ಯಾಕ ಹೋಗ್ತೀರಿ?’ ಎಂದಳು.

‘ಅದು ಒಂದು ಏಕಾಗ್ರತೆ,’ ಎಂದೆ.

‘ನನ್ನ ಇಂಗಿನ ಡಬ್ಬಿನೂ ಅಷ್ಟೇ ಏಕಾಗ್ರತೆಯಿಂದ ಖಾಲಿ ಆಗ್ತೈತೆ. ಯಾರು ಕದಿಯೋದು ಅಂತ ಗೊತ್ತಾಗವಲ್ದು.’

ಇಂಗಿನ ವಿಷಯದಲ್ಲಿ ನಾನು ಮೌನ ವಹಿಸಿದೆ. ಆರೋಪಿಗೆ ಆ ಹಕ್ಕು ಇದೆ. ಆಕೆ ತೀರ್ಪು ಓದಿದಳು. ‘ಹದಿನೈದನೇ ತಾರೀಖು ಶುಕ್ರವಾರ ಬಂದೈತೆ. ಶುಕ್ರ, ಶನಿ, ಭಾನು ಮೂರು ದಿನ ರಜಾ. ಅಷ್ಟರಾಗೆ ಈ ಕೋಲಿಗೆ ಒಂದಾದ್ರೂ ಮೀನು ಬೀಳ್ಬೇಕು. ಇಲ್ಲಾಂದ್ರೆ ಶ್ರಾವಣ ಸೋಮವಾರ ಬೆಳಿಗ್ಗೆ ಕೋಲು ಬಳ್ಳಿಗೆ.’

ನಗಬೇಡಿ. ನಿವೃತ್ತನಾದವನ ವಾರದಲ್ಲಿ ಆರು ದಿನ ಮನೆಯವರವು: ಗ್ಯಾಸ್ ಬಂತಾ, ನೀರು ಬಿಟ್ಟರಾ, ಮೋಟರ್ ಆಫ್ ಮಾಡಿದಿರಾ. ಏಳನೆಯದು ನನ್ನದಾಗಿತ್ತು. ಅದಕ್ಕಿಂತ ದೊಡ್ಡದು ಬೀಗರ ವಿಷಯ. ನಮ್ಮಲ್ಲಿ ಬೀಗರೆಂದರೆ ಸೋಫಾದ ತುದಿಯಲ್ಲಿ ಕೂತು, ‘ಸಾಕು ಸಾಕು’ ಎನ್ನುತ್ತ ಮೂರು ಹೋಳಿಗೆ ತಿಂದು, ಮಳೆಬೆಳೆಯ ಬಗ್ಗೆ ಎರಡು ಮಾತಾಡಿ, ಶಾಲು ಸರಿಪಡಿಸಿಕೊಂಡು ಹೊರಡುವ ಪ್ರಾಣಿಗಳು. ಮಗಳ ಮದುವೆಯಾದ ಮೊದಲ ವರ್ಷವೆಲ್ಲ ನಾವು ಹಾಗೆಯೇ ಇದ್ದೆವು. ಆ ಕಲ್ಲಿನ ಮೇಲೆ ಕೂತ ಮೇಲೆಯೇ ಅವರು ನನಗೆ ‘ನಿಮಗೇನು ತಿಳೀತೈತ್ರೀ ಬೀಗ್ರೆ’ ಎಂದು ಬೈಯಲು ಕಲಿತದ್ದು, ನಾನು ಅವರಿಗೆ ತಿರುಗಿ ಬೈಯಲು ಕಲಿತದ್ದು. ಕೋಲು ಬಳ್ಳಿಗೆ ಹೋದರೆ ನಾವಿಬ್ಬರೂ ಮತ್ತೆ ಸೋಫಾದ ತುದಿಗೆ.

ಶುಕ್ರವಾರ ಧ್ವಜವಂದನೆ ಮುಗಿಸಿ ನಾವು ಕೆರೆ ಮುಟ್ಟುವಷ್ಟರಲ್ಲಿ ಇಡೀ ಜಿಲ್ಲೆ ನಮಗಿಂತ ಮೊದಲು ಮುಟ್ಟಿತ್ತು. ಏರಿಯ ಮೇಲೆ ಕಾರು, ಕಾರಿನ ಮೇಲೆ ಮಕ್ಕಳು, ಮಕ್ಕಳ ಕೈಯಲ್ಲಿ ಬಾವುಟ. ನೀರಿಗೆ ಕಾಲು ಬಿಟ್ಟವರು, ಕಾಲು ಬಿಟ್ಟವರ ಫೋಟೋ ತೆಗೆಯುವವರು, ತೆಗೆಯುವವರಿಗೆ ‘ಹಿಂದೆ ಸರೀಬ್ಯಾಡ್ರೀ, ಬೀಳ್ತೀರಿ’ ಎಂದು ಕೂಗುವವರು. ಮಿರ್ಚಿ ಕರಿಯುವ ಬಂಡಿಗಳೇ ಐದು. ಇನ್ನು ಗಾಳ ಹಾಕುವವರು! ವರ್ಷವಿಡೀ ಕೆರೆಯ ಮುಖ ನೋಡದವರು ಅಂದು ಬಿದಿರು, ಬಾರುಕೋಲು, ಒಬ್ಬಾತ ಟಿ.ವಿ. ಆಂಟೆನಾದ ಪೈಪು ಕೂಡ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬನ ಗಾಳಕ್ಕೆ ಇನ್ನೊಬ್ಬನ ದಾರ, ಅವನ ದಾರಕ್ಕೆ ಮತ್ತೊಬ್ಬನ ಟೋಪಿ. ಮೀನುಗಳಿಗೆ ಆ ದಿನ ರಜೆ ಎಂದು ಯಾರೂ ತಿಳಿಸಿರಲಿಕ್ಕಿಲ್ಲ, ಅವೇ ಅರ್ಥಮಾಡಿಕೊಂಡು ಕೆರೆಯ ನಡುವಿಗೆ ಹೋಗಿದ್ದವು. ನಮ್ಮ ಕಲ್ಲಿನ ಮೇಲೆ ಒಂದು ಕುಟುಂಬ ಬುತ್ತಿ ಬಿಚ್ಚಿತ್ತು. ನಡುವೆ ಕೂಸೊಂದು ಅಂಗಾತ ನಿದ್ದೆ ಮಾಡುತ್ತಿತ್ತು. ಮಲಗಿದ ಕೂಸನ್ನು ಸ್ವಾಧೀನದಿಂದ ತೆರವುಗೊಳಿಸುವ ಅಧಿಕಾರ ಹೈಕೋರ್ಟಿಗೂ ಇಲ್ಲ. ಅವರು ಕೊಟ್ಟ ಚಪಾತಿ ತಿಂದು ವಾಪಸಾದೆವು.

‘ನಾಳಿ ಬೆಳಕು ಹರಿಯೋದ್ರಾಗೆ ಬಂದು ಟವೆಲ್ ಹಾಕೋಣ,’ ಎಂದರು ಬೀಗರು.

ಶನಿವಾರ ಮೊದಲ ಬಸ್ಸಿಗೆ ಹೊರಟು ಹಾಗೆಯೇ ಮಾಡಿದೆವು. ಕೆರೆಯಲ್ಲಿ ಕೊಕ್ಕರೆ ಬಿಟ್ಟರೆ ನಾವೇ. ಬೀಗರು ಚೀಲದಿಂದ ಟವೆಲ್ ತೆಗೆದರು. ಸಾಮಾನ್ಯ ಟವೆಲ್ ಅಲ್ಲ. ಅರಿಶಿನ ಬಣ್ಣ, ಕೆಂಪು ಅಂಚು. ಮಗಳ ಮದುವೆಯಲ್ಲಿ ಅವರಿಗೆ ಹೊದಿಸಿ ಗೌರವಿಸಲೆಂದು ನನ್ನ ಹೆಂಡತಿ ದಾವಣಗೆರೆಯ ಅರ್ಧ ಅಂಗಡಿ ಕೆಳಗಿಳಿಸಿ ಆರಿಸಿದ್ದು. ‘ದೂರದಿಂದ ಕಾಣ್ಲಿ ಅಂತ ತಂದೆ,’ ಎಂದು ಅವರು ಕಲ್ಲಿನ ಮೇಲೆ ಹಾಸಿದರು. ಗಾಳಿಗೆ ಹಾರದ ಹಾಗೆ ಅದರ ಮೇಲೆ ಒಂದು ಮುತ್ತುಗದ ಎಲೆ ಇಟ್ಟು, ಎಲೆಯ ಮೇಲೆ ನಮ್ಮ ಎರೆಯ ಉಂಡೆ ಇಟ್ಟರು. ಉಂಡೆ ಕಟ್ಟುವಾಗ ತುದಿಯನ್ನು ಚೂಪು ಮಾಡುವುದು ಅವರ ಬೆರಳಿನ ಅಭ್ಯಾಸ; ಲೇತಿನ ಪ್ರಭಾವ. ಉಂಡೆಗೆ ಗುಂಗಾಡು ಮುತ್ತದಿರಲಿ ಎಂದು ಪಕ್ಕದ ಬಿರುಕಿಗೆ ಎರಡು ಊದಿನಕಡ್ಡಿ ಸಿಕ್ಕಿಸಿ ಹಚ್ಚಿದರು. ಕೋಲನ್ನು ಕಲ್ಲಿನ ಹಿಂದೆ ಪೊದೆಯಲ್ಲಿ ಅಡಗಿಸಿ, ನಿಶ್ಚಿಂತೆಯಿಂದ ರಸ್ತೆ ಬದಿಯ ಹೋಟೆಲ್ಲಿಗೆ ಚಹಾಕ್ಕೆ ಹೋದೆವು.

ಈಗ ಓದುಗರು ಆ ಕಲ್ಲನ್ನು ಒಂದು ಸಲ ದೂರದಿಂದ ನೋಡಬೇಕು. ಶ್ರಾವಣ ಶನಿವಾರದ ಬೆಳಗು, ನೀರಂಚಿನ ಕಪ್ಪು ಕಲ್ಲು, ಅದಕ್ಕೆ ಅರಿಶಿನದ ವಸ್ತ್ರ, ಎಲೆಯ ಮೇಲೆ ಗೋಪುರದಂಥ ಅರಿಶಿನದ ಉಂಡೆ, ಸುತ್ತ ಊದಿನಕಡ್ಡಿಯ ಹೊಗೆ. ನಾವಿಬ್ಬರೂ ಅದನ್ನು ಹತ್ತಿರದಿಂದ ಮಾತ್ರ ನೋಡಿದ್ದೆವು.

ಚಹಾ ಒಂದು ಗಂಟೆ ಹಿಡಿಯಿತು. ವಾಪಸು ಬಂದರೆ ಕಲ್ಲಿನ ಸುತ್ತ ಐವತ್ತು ಜನ. ತೆಂಗಿನಕಾಯಿಯವನೊಬ್ಬ ಆಗಲೇ ಬಂಡಿ ಅತ್ತ ತಳ್ಳಿಕೊಂಡು ಬಂದಿದ್ದ. ಕಲ್ಲಿಗೆ ವಿಭೂತಿ ಬಿದ್ದಿತ್ತು, ಕುಂಕುಮ ಬಿದ್ದಿತ್ತು, ದಾಸವಾಳ ಏರಿತ್ತು. ಮೂಗುಬೊಟ್ಟಿನ ಒಬ್ಬ ಅಜ್ಜಿ, ಎಲ್ಲರಿಗಿಂತ ಮೊದಲು ಬಂದದ್ದೇ ಅರ್ಹತೆಯಾಗಿ, ಪೂಜಾರಿಕೆ ವಹಿಸಿಕೊಂಡಿದ್ದಳು.

‘ಟವೆಲ್ ಯಾರೂ ಎತ್ತಿಲ್ಲ ನೋಡ್ರಿ,’ ಎಂದು ಬೀಗರು ಪಿಸುಗುಟ್ಟಿದರು. ನಿಜ. ಕಾನೂನು ಅಷ್ಟರ ಮಟ್ಟಿಗೆ ಪಾಲನೆಯಾಗಿತ್ತು.

ನಾನು ಮುಂದೆ ಹೋದೆ. ‘ಚಪ್ಪಲಿ ಬಿಟ್ಟು ಬಾರಪ್ಪಾ,’ ಎಂದಳು ಅಜ್ಜಿ. ನನ್ನ ಕಲ್ಲಿನ ಹತ್ತಿರ ಹೋಗಲು ಚಪ್ಪಲಿ ಬಿಟ್ಟೆ. ಸಾವಿರಾರು ಸಾಕ್ಷಿಗಳಿಗೆ ‘ಸತ್ಯವನ್ನೇ ಹೇಳುತ್ತೇನೆ’ ಎಂದು ಪ್ರಮಾಣ ಮಾಡಿಸಿದ ಬಾಯಿ ಸುಮ್ಮನಿರಲಿಲ್ಲ.

‘ಅಮ್ಮಾ, ಇದು ದೇವರಲ್ಲ. ನಾನು ಕೂಡೋ ಕಲ್ಲು.’

‘ಕೂಡೋ ಕಲ್ಲಾ?’ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ಎಷ್ಟು ದಿನದಿಂದ ಕೂಡ್ತಿದ್ದಿ?’

‘ಮೂರು ವರ್ಷದಿಂದ.’

‘ಕೂತು ಏನು ಮಾಡ್ತಿದ್ದಿ?’

‘ಗಾಳ ಹಾಕ್ತಿದ್ದೆ.’

‘ಮೀನು ಬಿದ್ದಾವಾ?’

‘ಇಲ್ಲ.’

‘ಒಂದೂ?’

‘ಒಂದೂ ಇಲ್ಲ.’

ಅಜ್ಜಿ ಜನರ ಕಡೆ ತಿರುಗಿದಳು. ‘ಕೇಳ್ಕೊಂಡ್ರಾ! ತಾಯಿ ತಲಿ ಮ್ಯಾಲೆ ಕೂತ್ರೆ ಮೀನು ಹೆಂಗ ಬೀಳ್ತಾವ?’

ಇಂಥ ಪಾಟಿ ಸವಾಲನ್ನು ನನ್ನ ಸೇವಾವಧಿಯಲ್ಲಿ ನಾನು ಕೇಳಿಲ್ಲ. ಜನರಲ್ಲಿ ಒಂದು ದೊಡ್ಡ ಉಸಿರು ಎದ್ದಿತು. ಅದುವರೆಗೆ ಬರೀ ಅನುಮಾನದಲ್ಲಿದ್ದ ದೇವರಿಗೆ ನಾನೇ ಮೊದಲ ಸಾಕ್ಷಿಯಾಗಿದ್ದೆ. ಮೂರು ವರ್ಷ, ನೂರೈವತ್ತು ಭಾನುವಾರ, ಒಂದೂ ಮೀನಿಲ್ಲ. ಇದಕ್ಕಿಂತ ಪವಾಡ ಬೇಕೆ? ಗಾಳ ಉಜ್ಜಿದ ವಿಷಯ ಹೇಳಲು ಬೀಗರಿಗೆ ಸನ್ನೆ ಮಾಡಿದೆ. ಅವರು ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು.

‘ತಪ್ಪಾತು ಅನ್ನಪ್ಪಾ,’ ಎಂದು ಹಿಂದಿನಿಂದ ಯಾರೋ ದಯೆಯಿಂದ ಹೇಳಿದರು. ತಪ್ಪಾಯಿತು ಎಂದೆ. ಕೆನ್ನೆ ಬಡಿದುಕೊಂಡೆ. ಕಾಯಿ ಕೊಂಡು ನನ್ನ ಕಲ್ಲಿಗೆ ನಾನೇ ಒಡೆದೆ. ಅಜ್ಜಿ ಸಂತೋಷಪಟ್ಟು ಉಂಡೆಯಿಂದ ಒಂದು ಚಿಟಿಕೆ ಮುರಿದು ಅಂಗೈಗೆ ಹಾಕಿದಳು. ಮಂಡಕ್ಕಿ, ಬೆಣ್ಣೆ, ಬೆಲ್ಲ. ಇಂಗು ಸ್ವಲ್ಪ ಮುಂದಾಗಿತ್ತು. ಪಕ್ಕದಲ್ಲಿದ್ದ ತರುಣನೊಬ್ಬ ಬೆರಳು ಚೀಪುತ್ತ, ‘ಪ್ರಸಾದ ಭಾರಿ ಐತೆ ಅಜ್ಜೀ, ಇನ್ನಷ್ಟು ಹಾಕು,’ ಎಂದ. ಮೂರು ವರ್ಷ ಮೀನುಗಳು ಯಾಕೆ ಬಿಡದೆ ಬರುತ್ತಿದ್ದವೆಂದು ನನಗೆ ಆಗ ತಿಳಿಯಿತು.

ಆ ದಿನ ಗಾಳ ಹಾಕುವ ಮುಖ ಇರಲಿಲ್ಲ. ಸಂಜೆ ಮನೆಗೆ ಬಂದರೆ ಹೆಂಡತಿ ಮೊಬೈಲ್ ಮುಂದೆ ಹಿಡಿದಳು. ಬೀದಿಯ ಹೆಂಗಸರ ಗುಂಪಿನಲ್ಲಿ ವಿಡಿಯೋ ಬಂದಿತ್ತು. ‘ಕೆರಿ ಹತ್ರ ದೇವ್ರು ಎದ್ದೈತಂತೆ. ಯಾರೋ ಒಬ್ಬ ಪಾಪಿ ದಿನಾ ಅದರ ಮ್ಯಾಲೆ ಕೂಡ್ತಿದ್ನಂತೆ. ನೀವು ಅಲ್ಲೇ ಇದ್ರಲ್ಲ, ನೋಡ್ಲಿಲ್ವಾ?’

‘ನೋಡಿದೆ,’ ಎಂದೆ. ಅದು ಸತ್ಯ. ಪೂರ್ಣ ಸತ್ಯ ಬೇಕೆಂದು ಆಕೆ ಕೇಳಲಿಲ್ಲ. ಪುಣ್ಯಕ್ಕೆ ವಿಡಿಯೋದಲ್ಲಿ ಪಾಪಿಯ ಬೆನ್ನು ಮಾತ್ರ ಕಾಣುತ್ತಿತ್ತು.

ಭಾನುವಾರ ಕೊನೆಯ ದಿನ. ನಾವು ಮುಟ್ಟಿದಾಗ ಜನ ಮೂರು ಪಟ್ಟು. ಆದರೆ ಆ ಜನಸಾಗರದಲ್ಲಿ ಒಂದು ಆಶಾಕಿರಣವಿತ್ತು. ಹರಕೆ ಹೊತ್ತವರೆಲ್ಲ ಮಂಡಕ್ಕಿಯನ್ನು ಬೊಗಸೆ ಬೊಗಸೆಯಾಗಿ ನೀರಿಗೆ ಚೆಲ್ಲುತ್ತಿದ್ದರು. ಕಲ್ಲಿನ ಮುಂದೆ ನೀರು ಅನ್ನ ಕುದಿಯುವ ಹಾಗೆ ಕುದಿಯುತ್ತಿತ್ತು. ಕೆರೆಯ ಅಷ್ಟೂ ಜಿಲೇಬಿ ಮೀನುಗಳು ಅಲ್ಲಿಗೆ ಊಟಕ್ಕೆ ಬಂದಿದ್ದವು. ಜಿಲೇಬಿ ಎಂಬುದು ಆ ಮೀನಿಗೆ ಕೆರೆಯವರು ಇಟ್ಟ ಹೆಸರು. ನಮ್ಮಂಥವರು ಸಂಕೋಚವಿಲ್ಲದೆ ಉಚ್ಚರಿಸಬಹುದಾದ ಒಂದೇ ಮೀನು. ಹತ್ತು ಮಾರು ಈಚೆ, ಬೋರಲು ಹಾಕಿದ್ದ ತೆಪ್ಪದ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನಾವು ಗಾಳ ಬಿಟ್ಟೆವು. ದಾರಕ್ಕೆ ಕಟ್ಟಿದ ಬೆಂಡು ಮುಳುಗುವುದು, ನಾನು ಎಳೆಯುವುದು, ಬರಿಗಾಳ ಬರುವುದು. ಮಧ್ಯಾಹ್ನವಾಯಿತು. ಮೂರು ಗಂಟೆಯಾಯಿತು.

‘ಅವರೆಬಳ್ಳಿಗೆ ಇಷ್ಟು ಉದ್ದದ ಕೋಲು ಜಾಸ್ತಿ ಆಯ್ತು,’ ಎಂದರು ಬೀಗರು ಸಣ್ಣ ದನಿಯಲ್ಲಿ.

‘ತುದಿ ಒಳಗೆ ದೂಡಬಹುದು,’ ಎಂದೆ.

ಆಗ ಏರಿಯ ಮೇಲೆ ಒಂದು ಆಪೆ ಆಟೋ ಬಂದು ನಿಂತಿತು. ಅದರೊಳಗಿಂದ ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಹನ್ನೊಂದನೆಯವಳು ನನ್ನ ಹೆಂಡತಿ. ನಾವು ತೆಪ್ಪಕ್ಕೆ ಇನ್ನಷ್ಟು ಅಂಟಿಕೊಂಡೆವು. ಆಕೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಕಲ್ಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಭಕ್ತಿ ಹೆಚ್ಚಾಯಿತೆಂದು ಜನ ತಿಳಿದರು. ನನಗೆ ಗೊತ್ತಿತ್ತು: ಆಕೆ ಟವೆಲ್ಲಿನ ಅಂಚು ನೋಡುತ್ತಿದ್ದಳು. ಅಜ್ಜಿ ನಿನ್ನೆಯ ಉಂಡೆಯಲ್ಲಿ ಉಳಿದಿದ್ದ ಕೊನೆಯ ಚೂರನ್ನು ಪ್ರಸಾದವೆಂದು ಕೈಗೆ ಹಾಕಿದಳು. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡಳು, ಮೂಗಿನ ಹತ್ತಿರ ಹಿಡಿದಳು, ತಲೆ ಎತ್ತಿ ಸುತ್ತ ನೋಡಿದಳು. ನೆಟ್ಟಗೆ ತೆಪ್ಪದ ಕಡೆ ಬಂದಳು.

‘ಪಾಪಿಗಳು ಇಲ್ಲೇ ಅದೀರಾ,’ ಎಂದಳು.

ಬೀಗರು ಎದ್ದು ನಿಂತು ಕೈ ಮುಗಿದರು. ‘ಅಕ್ಕಾರೆ, ತಪ್ಪು ನಂದು.’

‘ನೀವು ಕೂಡ್ರಿ ಬೀಗ್ರೆ. ಮರ್ಯಾದಿಗೆ ಹೊದಿಸಿದ ಟವೆಲ್ಲು, ನಿಮ್ಮ ಹೆಗಲಿಗಿಂತ ದೊಡ್ಡ ಮರ್ಯಾದಿ ಪಡೀತು. ನಾನು ಬೇಜಾರು ಮಾಡ್ಕೊಳ್ಳೋದು ಹೆಂಗೆ?’ ನನ್ನ ಕಡೆ ತಿರುಗಿದಳು. ‘ಇಂಗಿನ ಕಳ್ಳನೂ ಸಿಕ್ಕ. ಮೀನು ಸಿಕ್ತಾ?’

‘ಇನ್ನೂ ಇಲ್ಲ.’

‘ಹೊತ್ತು ಇಳೀತು ನೋಡ್ರಿ.’ ಅಷ್ಟೇ ಅಂದು ನನ್ನ ಪಕ್ಕದಲ್ಲಿ ಕೂತಳು. ಜನರಿಗೆ ನಿಜ ಹೇಳಿಬಿಡಲೇ ಎಂದು ಕೇಳಿದೆ. ‘ನಿನ್ನೆ ಹೇಳಿ ಏನಾಯ್ತು? ಸುಮ್ಕಿರಿ. ಕಲ್ಲಿಗಾದ್ರೂ ಒಳ್ಳೇದಾಗ್ಲಿ.’

ಅಷ್ಟರಲ್ಲಿ ಅಜ್ಜಿಯ ಕೂಗು. ‘ಎಲ್ಲಿ ಆ ತಪ್ಪು ಮಾಡಿದ ಅಜ್ಜ? ಬಾರಪ್ಪಾ, ಮಂಗಳಾರತಿ ತಟ್ಟೆ ನೀನೇ ಹಿಡಿ, ಪಾಪ ಕಳೀತೈತೆ.’ ಇನ್ನೂರು ಮುಖ ನನ್ನತ್ತ ತಿರುಗಿದವು. ಕೋಲನ್ನು ಹೆಂಡತಿಯ ಕೈಗಿಟ್ಟು, ‘ಒಂದು ನಿಮಿಷ ಹಿಡ್ಕೋ,’ ಎಂದು ಹೋದೆ.

ತಟ್ಟೆ ಹಿಡಿದು ಕಲ್ಲಿನ ಮುಂದೆ ನಿಂತಿದ್ದೇನೆ. ಕರ್ಪೂರ ಉರಿಯುತ್ತಿದೆ. ಯಾರೋ ಗಂಟೆ ಬಾರಿಸುತ್ತಿದ್ದಾರೆ. ಓರೆಗಣ್ಣಲ್ಲಿ ನೋಡಿದರೆ ಬೆಂಡು ಮುಳುಗಿತು. ‘ಎಳೀರಿ ಅಕ್ಕಾರೆ!’ ಎಂದು ಬೀಗರು ಕಿರುಚಿದರು. ನಾನು ಮೂರು ವರ್ಷ ಎಳೆದದ್ದು ಬಾವಿಯಿಂದ ಕೊಡ ಎಳೆದ ಹಾಗೆ. ಆಕೆ ಎಳೆಯಲಿಲ್ಲ. ನಲವತ್ತು ವರ್ಷ ಕಾವಲಿಯ ಮೇಲೆ ದೋಸೆ ಮಗುಚಿದ ಮಣಿಕಟ್ಟು ಅದು. ಚಟ್ಟನೆ ಒಂದು ಸಲ ಮಗುಚಿದಳು. ಗಾಳಕ್ಕೆ ಮುಳ್ಳಿದೆಯೋ ಇಲ್ಲವೋ ಎಂದು ಯೋಚಿಸಲು ಮೀನಿಗೆ ಸಮಯವೇ ಸಿಗಲಿಲ್ಲ. ಅಂಗೈಯಗಲದ ಒಂದು ಜಿಲೇಬಿ ನೀರಿನಿಂದ ಎದ್ದು, ಗಾಳದಿಂದ ಕಳಚಿಕೊಂಡು, ಹತ್ತು ಮಾರು ಆಕಾಶದಲ್ಲಿ ಹೊಳೆಯುತ್ತ ಬಂದು, ನನ್ನ ತಟ್ಟೆಯ ಮೇಲಿಂದ ಹಾದು, ಅರಿಶಿನದ ಟವೆಲ್ಲಿನ ಮೇಲೆ ಪಟ್ ಎಂದು ಬಿತ್ತು.

ಗಂಟೆ ನಿಂತಿತು. ಮಿರ್ಚಿ ಎಣ್ಣೆಯ ಸದ್ದು ಕೂಡ ಕೇಳುವಷ್ಟು ಮೌನ. ಮೀನು ಎರಡು ಸಲ ಬಾಲ ಬಡಿಯಿತು, ನನ್ನನ್ನು ನೋಡಿತು, ಮೂರನೆಯ ಸಲಕ್ಕೆ ಹಾರಿ ಕೆರೆಗೆ ಬಿದ್ದು ಹೋಯಿತು.

‘ಕಳೀತು!’ ಎಂದು ಅಜ್ಜಿ ಕೂಗಿದಳು. ‘ಮೂರು ವರ್ಷದ ಪಾಪ ಕಳೀತಪ್ಪಾ!’ ಇನ್ನೂರು ಜನ ಒಟ್ಟಿಗೆ ಜಯಕಾರ ಹಾಕಿದರು. ಬೀಗರು ತೆಪ್ಪದ ಹಿಂದೆ ಕುಣಿಯುತ್ತಿದ್ದರು. ಅರವತ್ತೈದರ ಮನುಷ್ಯ, ಎರಡು ಕೈ ಮೇಲೆತ್ತಿ. ಆಂಟೆನಾದ ಪೈಪಿನವನು ಓಡಿ ಬಂದು ನನ್ನ ಹೆಂಡತಿಗೆ, ‘ಅಮ್ಮಾರೇ, ಯಾವ ಎರೆ ಹಾಕ್ತೀರಿ?’ ಎಂದು ಕೇಳಿದ. ‘ನಮ್ಮ ಮನೆಯವರನ್ನ ಕೇಳಪ್ಪಾ, ಅಡಿಗಿ ಅವರದು,’ ಎಂದಳು. ಆಕೆಯ ಕಣ್ಣು ಹೊಳೆಯುತ್ತಿತ್ತು. ಕೋಲು ವಾಪಸು ಪಡೆಯಲು ನಾನು ಕೈ ಚಾಚಿದೆ. ಆಕೆ ಅದನ್ನು ಗಮನಿಸಲಿಲ್ಲ.

ಸೋಮವಾರ ಬಳ್ಳಿಗೆ ಹಳೆಯ ಕಸಬರಿಗೆಯ ಹಿಡಿ ಕಟ್ಟಲಾಯಿತು.

ಆಮೇಲಿನ ಭಾನುವಾರದಿಂದ ನಾವು ಮೂವರು ಹೋಗುತ್ತೇವೆ. ಕೆರೆಯಲ್ಲಿ ಮತ್ತೆ ಕೊಕ್ಕರೆ, ತೆಪ್ಪದವ, ನಾವು. ಕಲ್ಲು ಈಗ ದೇವರೇ. ಅಜ್ಜಿ ಹತ್ತಿರದ ಊರಿನಿಂದ ಬಂದು ದೀಪ ಹಚ್ಚಿ ಹೋಗುತ್ತಾಳೆ, ನಾವು ಕೈ ಮುಗಿದು ಪಕ್ಕದ ಗುಂಡಿನ ಮೇಲೆ ಕೂರುತ್ತೇವೆ. ಅದು ಸ್ವಲ್ಪ ಇಳಿಜಾರು. ಕೋಲು ಆಕೆಯದು. ಉಂಡೆ ನನ್ನದು, ಇಂಗು ಈಗ ರಾಜಾರೋಷವಾಗಿ ಡಬ್ಬಿಯಿಂದಲೇ. ಬೀಗರು ಗಾಳ ಉಜ್ಜುವುದನ್ನು ಬಿಟ್ಟಿಲ್ಲ, ಆಕೆಗೆ ಅದರಿಂದ ತೊಂದರೆಯೂ ಇಲ್ಲ. ಅಕ್ಕಾರೆ ಎನ್ನುತ್ತಿದ್ದವರು ಮೊನ್ನೆ ಅವಸರದಲ್ಲಿ, ‘ನಿಮಗೇನು ತಿಳೀತೈತ್ರೀ, ದಾರ ಸಡಿಲ ಬಿಡ್ರಿ!’ ಎಂದು ಆಕೆಯನ್ನೂ ಬೈದರು. ಆಕೆ ತಿರುಗಿ ಬೈದಳು. ಮೂರು ಜನಕ್ಕೆ ಸೋಫಾ ಮರೆತೇ ಹೋಗಿದೆ.

ಮೊನ್ನೆ ಕ್ಯಾಲೆಂಡರ್ ತಿರುವಿ ಹಾಕಿದವಳು, ‘ಬರೋ ತಿಂಗಳು ಮತ್ತೆ ಮೂರು ದಿನ ರಜಾ ಐತೆ, ಜನ ತುಂಬ್ತಾರೆ. ಮೊದಲ ಬಸ್ಸಿಗೆ ಹೋಗಿ ಜಾಗ ಹಿಡೀಬೇಕು,’ ಎಂದಳು.

ನಾನು ಅಭ್ಯಾಸಬಲದಿಂದ ಗೂಟದ ಮೇಲಿದ್ದ ಟವೆಲ್ಲಿಗೆ ಕೈ ಹಾಕಿದೆ.

‘ಟವೆಲ್ ಬ್ಯಾಡ,’ ಎಂದಳು. ‘ನೀವೇ ಹೋಗಿ ಕೂಡ್ರಿ. ನಿಮ್ಮನ್ನ ಯಾರೂ ದೇವ್ರು ಅಂದ್ಕೊಳ್ಳಲ್ಲ.’